ಕೆಳದವಡೆಯ ಮೂಳೆ ಒಂದೋ ಎರಡೋ: ಅಸ್ಥಿಗಣನೆಯ ಇತಿಹಾಸದಲ್ಲಿ ಒಂದು ವಿವಾದ

ಪೀಠಿಕೆ

ಮಾನವ ಶರೀರದಲ್ಲಿರುವ ಮೂಳೆಗಳೆಷ್ಟು ಎಂಬ ಪ್ರಶ್ನೆಗೆ ಇಂದಿನ ಶರೀರರಚನಾಶಾಸ್ತ್ರವು ವಯಸ್ಕರಲ್ಲಿ 206 ಎಂದು ಉತ್ತರಿಸುತ್ತದೆ. ಶತಪಥ ಬ್ರಾಹ್ಮಣವು ಸಂವತ್ಸರದ ದಿನಗಳೊಡನೆ ಹೋಲಿಸಿ 360 ಎನ್ನುತ್ತದೆ. ಚರಕಸಂಹಿತೆಯೂ 360 ಎಂದೇ ಹೇಳುತ್ತದೆ. ಸುಶ್ರುತಸಂಹಿತೆಯು ವೇದವಾದಿಗಳ ಈ ಸಂಖ್ಯೆಯನ್ನು ಉಲ್ಲೇಖಿಸಿ, ಶಲ್ಯತಂತ್ರದಲ್ಲಾದರೋ 300 ಮಾತ್ರ ಎಂದು ತನ್ನ ಭಿನ್ನಮತವನ್ನು ದಾಖಲಿಸುತ್ತದೆ. ಈ ಅಂತರವನ್ನು ಕಂಡವರಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಪ್ರತಿಕ್ರಿಯೆಗಳು ಕಾಣಬರುತ್ತವೆ. ಪ್ರಾಚೀನರು ಎಣಿಸಲೂ ಅರಿಯದವರು ಎಂಬುದು ಒಂದು. ಅವರ ಲೆಕ್ಕವೇ ನಿಜ, ಆಧುನಿಕರಿಗೆ ಅದು ತಿಳಿಯದು ಎಂಬುದು ಇನ್ನೊಂದು. ಇವೆರಡೂ ಪಠ್ಯವನ್ನು ಪರಿಶೀಲಿಸುವ ಶ್ರಮದಿಂದ ಓದುಗನನ್ನು ಪಾರುಮಾಡುತ್ತವೆಯೇ ಹೊರತು ಸತ್ಯದ ಸಮೀಪಕ್ಕೆ ಒಯ್ಯುವುದಿಲ್ಲ.

ಪ್ರಸ್ತುತ ಪ್ರಬಂಧದಲ್ಲಿ ಇಡೀ ಅಸ್ಥಿಪಂಜರದ ಗಣನೆಯನ್ನು ಚರ್ಚಿಸುವುದರ ಬದಲು ತಲೆಬುರುಡೆಯ ಒಂದೇ ಒಂದು ಮೂಳೆಯನ್ನು, ಅಂದರೆ ಕೆಳದವಡೆಯನ್ನು, ಆಯ್ದುಕೊಳ್ಳಲಾಗಿದೆ. ಈ ಮೂಳೆ ಒಂದೋ ಎರಡೋ ಎಂಬ ವಿಷಯದಲ್ಲಿ ಭಾರತ, ರೋಮ್, ಈಜಿಪ್ಟ್ ಮತ್ತು ಇಟಲಿಗಳ ವೈದ್ಯಗ್ರಂಥಗಳು ಶತಮಾನಗಳ ಕಾಲ ಭಿನ್ನಾಭಿಪ್ರಾಯ ತಳೆದಿದ್ದವು. ಒಂದು ಸಂಖ್ಯೆಯ ಹಿಂದೆ ಯಾರ ದೇಹ, ಯಾವ ವಯಸ್ಸು, ಯಾವ ಎಣಿಕೆಯ ನಿಯಮ ಇದ್ದವೆಂಬುದನ್ನು ಅರಿಯದೆ ಆ ಸಂಖ್ಯೆಯನ್ನು ಸರಿ ಅಥವಾ ತಪ್ಪು ಎನ್ನಲಾಗದು ಎಂಬುದನ್ನು ಈ ಚಿಕ್ಕ ವಿವಾದವು ಸ್ಪಷ್ಟವಾಗಿ ತೋರಿಸಿಕೊಡುತ್ತದೆ.

ದವಡೆಯ ಕೀಲಿನ ರಚನೆ

ವಿವಾದದ ಸ್ವರೂಪ ತಿಳಿಯಲು ರಚನೆಯ ಸ್ಥೂಲ ಪರಿಚಯ ಅವಶ್ಯಕ. ವಯಸ್ಕರ ತಲೆಬುರುಡೆಯಲ್ಲಿ 22 ಮೂಳೆಗಳಿವೆ. ಇವುಗಳಲ್ಲಿ 8 ಮಿದುಳನ್ನು ಆವರಿಸಿದ ಕಪಾಲಕ್ಕೂ 14 ಮುಖಕ್ಕೂ ಸೇರಿದವು. ಕಿವಿಯೊಳಗಿನ 6 ಕಿರುಮೂಳೆಗಳನ್ನೂ ನಾಲಗೆಯ ಬುಡದ ಮೂಳೆಯನ್ನೂ ಈ ಲೆಕ್ಕದಲ್ಲಿ ಸೇರಿಸುವುದಿಲ್ಲ. 22ರಲ್ಲಿ 21 ಮೂಳೆಗಳು ಹಲ್ಲುಹಲ್ಲಾದ ಅಂಚುಗಳಿಂದ, ಬಟ್ಟೆಯ ಹೊಲಿಗೆಯಂತೆ, ಒಂದಕ್ಕೊಂದು ಬೆಸೆದುಕೊಂಡಿವೆ. ಚಲಿಸುವುದು ಕೆಳದವಡೆಯೊಂದೇ.

ಕೆಳದವಡೆಯು ಕುದುರೆಯ ಲಾಳದ ಆಕಾರದ ನಡುಭಾಗವನ್ನೂ ಅದರ ಹಿಂದಿನ ಎರಡು ತುದಿಗಳಿಂದ ಮೇಲಕ್ಕೆದ್ದ ಎರಡು ಕವಲುಗಳನ್ನೂ ಒಳಗೊಂಡಿದೆ. ಪ್ರತಿಯೊಂದು ಕವಲಿನ ಮೇಲ್ತುದಿಯಲ್ಲಿ ಮುಂದೆ ಚೂಪಾದ ಒಂದು ಚಾಚು, ಹಿಂದೆ ದುಂಡಾದ ಒಂದು ಶಿರವಿದೆ. ಚೂಪಾದ ಚಾಚಿಗೆ ಕಣತಲೆಯಿಂದ ಇಳಿದು ಬರುವ ಸ್ನಾಯು ಅಂಟಿಕೊಳ್ಳುತ್ತದೆ. ದುಂಡಾದ ಶಿರವು ಕಿವಿಯ ಮುಂದೆ, ಶಂಖಾಸ್ಥಿಯ ತಗ್ಗಿನಲ್ಲಿ ಕುಳಿತಿದೆ. ಎರಡರ ನಡುವೆ ನಾರುಗಟ್ಟಿದ ಒಂದು ತೆಳುಬಿಲ್ಲೆಯಿದೆ. ಬಾಯಿ ತೆರೆಯುವಾಗ ಶಿರವು ಮೊದಲು ತಗ್ಗಿನಲ್ಲಿಯೇ ತಿರುಗುತ್ತದೆ. ಇನ್ನಷ್ಟು ತೆರೆದಾಗ ಬಿಲ್ಲೆಯ ಸಹಿತ ಮುಂದಕ್ಕೆ ಜಾರಿ, ತಗ್ಗಿನ ಮುಂದಿರುವ ಉಬ್ಬಿನ ಮೇಲೆ ಬರುತ್ತದೆ. ಉಬ್ಬನ್ನು ದಾಟಿ ಮುಂದಕ್ಕೆ ಜಾರಿ ಅಲ್ಲಿಯೇ ಸಿಕ್ಕಿಕೊಂಡರೆ ತೆರೆದ ಬಾಯಿ ಮುಚ್ಚಲಾಗುವುದಿಲ್ಲ. ಆಡುಮಾತಿನಲ್ಲಿ ದವಡೆ ಕಳಚಿತು ಎನ್ನುವುದು ಈ ಸ್ಥಿತಿಯನ್ನೇ.

ಎಡಬಲದ ಎರಡು ಕೀಲುಗಳೂ ಒಂದೇ ಮೂಳೆಯ ಎರಡು ತುದಿಗಳಾಗಿರುವುದರಿಂದ ಒಂದನ್ನು ಬಿಟ್ಟು ಇನ್ನೊಂದು ಚಲಿಸಲಾರದೆಂಬುದು ಇಲ್ಲಿ ಗಮನಾರ್ಹ. ಆದರೆ ಗರ್ಭಸ್ಥ ಶಿಶುವಿನಲ್ಲಿ ದವಡೆಯು ಎಡ ಮತ್ತು ಬಲ ಎಂಬ ಎರಡು ಪ್ರತ್ಯೇಕ ಮೂಳೆಗಳಾಗಿ ರೂಪುಗೊಳ್ಳುತ್ತದೆ. ಹುಟ್ಟುವಾಗಲೂ ಗದ್ದದ ನಡುವೆ ಇವೆರಡನ್ನು ನಾರು ಮತ್ತು ಮೃದ್ವಸ್ಥಿಗಳಷ್ಟೇ ಜೋಡಿಸಿರುತ್ತವೆ. ಜನನಾನಂತರದ ಮೊದಲ ಒಂದೆರಡು ವರ್ಷಗಳಲ್ಲಿ ಅವು ಸಂಪೂರ್ಣವಾಗಿ ಬೆಸೆದು ಒಂದಾಗುತ್ತವೆ. ಹೀಗೆ ವಯಸ್ಕನಲ್ಲಿ ಒಂದು, ನವಜಾತನಲ್ಲಿ ಎರಡು ಎಂಬ ಉತ್ತರವೇ ನಿಸರ್ಗದ ಉತ್ತರ. ವಿವಾದದ ಬೀಜವೂ ಇಲ್ಲಿಯೇ ಇದೆ.

ಗಣನೆಗಿಂತ ಮುಂಚಿನ ಚಿಕಿತ್ಸೆ

ಮೂಳೆಗಳನ್ನು ಎಣಿಸುವುದಕ್ಕೆ ಮೊದಲೇ ವೈದ್ಯರು ಕಳಚಿದ ದವಡೆಯನ್ನು ಕೂಡಿಸಲು ಕಲಿತಿದ್ದರು. ಎಡ್ವಿನ್ ಸ್ಮಿತ್ ಎಂಬಾತ 1862ರಲ್ಲಿ ಈಜಿಪ್ಟಿನ ಲಕ್ಸರ್‌ನಲ್ಲಿ ಕೊಂಡ, ಇಂದು ಅವನ ಹೆಸರಿನಿಂದಲೇ ಪ್ರಸಿದ್ಧವಾದ ಪಪೈರಸ್ ಸುರುಳಿಯು ಕ್ರಿ.ಪೂ. ಸುಮಾರು 1600ರಲ್ಲಿ ಬರೆದ ಪ್ರತಿ. ಜೇಮ್ಸ್ ಹೆನ್ರಿ ಬ್ರೆಸ್ಟೆಡ್ ಇದನ್ನು 1930ರಲ್ಲಿ ಅನುವಾದದೊಡನೆ ಪ್ರಕಟಿಸಿದನು. ಅದರ 48 ಪ್ರಕರಣಗಳಲ್ಲಿ 25ನೆಯದು ದವಡೆ ಕಳಚಿದ ರೋಗಿಯದು. ವೈದ್ಯನು ತನ್ನ ಹೆಬ್ಬೆರಳುಗಳನ್ನು ಬಾಯಿಯೊಳಗೆ ದವಡೆಯ ಎರಡು ಕವಲುಗಳ ತುದಿಯ ಮೇಲಿರಿಸಿ, ಉಳಿದ ಬೆರಳುಗಳನ್ನು ಗದ್ದದ ಕೆಳಗಿಟ್ಟು, ದವಡೆಯನ್ನು ಹಿಂದಕ್ಕೆ ತಳ್ಳಿ ಸ್ವಸ್ಥಾನಕ್ಕೆ ತರಬೇಕೆಂದು ಅಲ್ಲಿ ವಿಧಿಸಲಾಗಿದೆ. ಇಂದಿನ ವೈದ್ಯರ ಕ್ರಮವೂ ತತ್ತ್ವದಲ್ಲಿ ಇದಕ್ಕಿಂತ ಬೇರೆಯಲ್ಲ. ಎರಡೂ ಪಾರ್ಶ್ವಗಳನ್ನು ಏಕಕಾಲಕ್ಕೆ ಹಿಡಿಯಬೇಕೆಂಬ ಈ ವಿಧಾನವು ದವಡೆ ಒಂದೇ ಘಟಕವಾಗಿ ಚಲಿಸುತ್ತದೆ ಎಂಬ ಅನುಭವದಿಂದ ಬಂದುದು. ಗ್ರಂಥದಲ್ಲಿ ಸಂಖ್ಯೆ ಏನೇ ಇರಲಿ, ವೈದ್ಯನ ಕೈಗೆ ದವಡೆ ಒಂದೇ ಆಗಿತ್ತು.

ಚರಕ ಮತ್ತು ಸುಶ್ರುತ

ಭಾರತೀಯ ಪರಂಪರೆಯಲ್ಲಿ ಎರಡು ಎಣಿಕೆಗಳು ಅಕ್ಕಪಕ್ಕದಲ್ಲಿಯೇ ಉಳಿದುಬಂದಿರುವುದು ವಿಶೇಷ. ಚರಕಸಂಹಿತೆಯ ಶಾರೀರಸ್ಥಾನದ ಪಟ್ಟಿಯಲ್ಲಿ ಹನುವಿನ ಅಸ್ಥಿ ಒಂದು. ಅದರ ಬುಡವನ್ನು ಬಂಧಿಸುವ ಅಸ್ಥಿಗಳು ಎರಡು. ಯಾಜ್ಞವಲ್ಕ್ಯಸ್ಮೃತಿಯ ಅಸ್ಥಿಗಣನೆಯೂ ಹನು ಒಂದು, ಅದರ ಮೂಲದಲ್ಲಿ ಎರಡು ಎಂದು ಇದನ್ನೇ ಅನುಸರಿಸುತ್ತದೆ. ಲಾಳಾಕಾರದ ನಡುಭಾಗವನ್ನು ಒಂದೆಂದೂ ಮೇಲಕ್ಕೆದ್ದ ಕವಲುಗಳನ್ನು ಎರಡೆಂದೂ ಇಲ್ಲಿ ಬೇರೆಯಾಗಿ ಎಣಿಸಲಾಗಿದೆ ಎಂದು ಅರ್ಥೈಸಲು ಅವಕಾಶವಿದೆ. ಚರಕನ ಪಟ್ಟಿಯಲ್ಲಿ 32 ಹಲ್ಲುಗಳಲ್ಲದೆ ಅವು ನೆಲೆಗೊಂಡ 32 ಗುಳಿಗಳೂ 20 ಉಗುರುಗಳೂ ಅಸ್ಥಿಗಳಾಗಿಯೇ ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಆತನಿಗೆ ಅಸ್ಥಿಯೆಂದರೆ ಬಿಡಿಸಿ ತೆಗೆಯಬಹುದಾದ ಪ್ರತ್ಯೇಕ ಮೂಳೆಯೆಂದಲ್ಲ. ದೇಹದಲ್ಲಿ ಗುರುತಿಸಬಹುದಾದ ಗಟ್ಟಿಯಾದ ಭಾಗವೆಂದು.

ಸುಶ್ರುತನ ನಿಯಮ ಬೇರೆ. ಆತನ 300 ಅಸ್ಥಿಗಳಲ್ಲಿ ಕೈಕಾಲುಗಳಲ್ಲಿ 120, ಮುಂಡದಲ್ಲಿ 117, ಕುತ್ತಿಗೆಯಿಂದ ಮೇಲೆ 63. ಈ 63ರ ವಿವರ ಹೀಗಿದೆ: ಕುತ್ತಿಗೆಯಲ್ಲಿ 9, ಕಂಠನಾಳದಲ್ಲಿ 4, ಹನುವಿನಲ್ಲಿ 2, ಹಲ್ಲುಗಳು 32, ಮೂಗಿನಲ್ಲಿ 3, ಅಂಗುಳಿನಲ್ಲಿ 1, ಕೆನ್ನೆ, ಕಿವಿ ಮತ್ತು ಶಂಖಗಳಲ್ಲಿ ಪಾರ್ಶ್ವಕ್ಕೊಂದರಂತೆ 6, ಶಿರಸ್ಸಿನಲ್ಲಿ 6. ಉಗುರುಗಳನ್ನೂ ಹಲ್ಲಿನ ಗುಳಿಗಳನ್ನೂ ಆತ ಕೈಬಿಟ್ಟಿದ್ದಾನೆ. ಆದರೆ ಮೃದ್ವಸ್ಥಿಯನ್ನು ತರುಣಾಸ್ಥಿಯೆಂದು ಕರೆದು ಉಳಿಸಿಕೊಂಡಿದ್ದಾನೆ. ಮೂಗು, ಕಿವಿ, ಕಂಠನಾಳಗಳು ಪಟ್ಟಿಯಲ್ಲಿ ಸೇರಲು ಇದೇ ಕಾರಣ.

ಕೀಲುಗಳ ವರ್ಗೀಕರಣದಲ್ಲಿ ಸುಶ್ರುತನ ಕಣ್ಣು ಇನ್ನಷ್ಟು ಸೂಕ್ಷ್ಮವಾದುದು. ಆತ ಹೇಳುವ 210 ಸಂಧಿಗಳಲ್ಲಿ 83 ಕುತ್ತಿಗೆಯಿಂದ ಮೇಲಿನವು. ಆಕಾರವನ್ನು ಅನುಸರಿಸಿ ಸಂಧಿಗಳನ್ನು ಎಂಟು ಬಗೆಯಾಗಿ ವಿಂಗಡಿಸುವಾಗ ತಲೆಬುರುಡೆಯ ಕೂಡುಗೆರೆಗಳನ್ನು ‘ತುನ್ನಸೇವನೀ’, ಅಂದರೆ ಬಟ್ಟೆಯ ಹೊಲಿಗೆ, ಎಂದು ಕರೆದಿದ್ದಾನೆ. ಯುರೋಪಿನ ಭಾಷೆಗಳು ಈ ಗೆರೆಗಳಿಗೆ ಬಳಸುವ ಲ್ಯಾಟಿನ್ ಮೂಲದ ಪದಕ್ಕೂ ಹೊಲಿಗೆಯೆಂದೇ ಅರ್ಥ. ದವಡೆಯ ಎರಡು ಪಾರ್ಶ್ವಗಳ ಸಂಧಿಗೆ ಆತ ಕೊಟ್ಟ ಹೆಸರು ‘ವಾಯಸತುಂಡ’, ಅಂದರೆ ಕಾಗೆಯ ಕೊಕ್ಕು. ಮೂಳೆಯ ಮೇಲ್ತುದಿಯ ಚೂಪಾದ ಚಾಚನ್ನು ಪಕ್ಕದಿಂದ ನೋಡಿದವರಿಗೆ ಈ ಹೋಲಿಕೆ ಸಹಜವಾಗಿಯೇ ತೋರುತ್ತದೆ. ಅದೇ ಚಾಚಿಗೆ ಯುರೋಪಿನ ಶರೀರಶಾಸ್ತ್ರಜ್ಞರು ಬಳಸಿದ ಗ್ರೀಕ್ ಮೂಲದ ಹೆಸರಿನಲ್ಲಿಯೂ ಕಾಗೆಯ ಕೊಕ್ಕಿನ ಕಲ್ಪನೆ ಉಂಟೆಂದು ಹಲವರು ವಿವರಿಸಿದ್ದಾರೆ. ಕೊಡುಕೊಳ್ಳುವಿಕೆಯನ್ನು ಊಹಿಸಲು ಇದಿಷ್ಟೇ ಸಾಲದು. ಒಂದೇ ವಸ್ತುವನ್ನು ನೋಡಿದ ಎರಡು ಕಡೆಯವರಿಗೆ ಒಂದೇ ಹೋಲಿಕೆ ಹೊಳೆದಿರಬಹುದು.

ಕಳಚಿದ ದವಡೆಗೆ ಸುಶ್ರುತ ಹೇಳುವ ಚಿಕಿತ್ಸೆಯೂ ಇಲ್ಲಿ ಪ್ರಸ್ತುತ. ಸಂಧಿಗೆ ಶಾಖ ಕೊಟ್ಟು, ಅಸ್ಥಿಗಳನ್ನು ಸರಿಯಾದ ಸ್ಥಾನದಲ್ಲಿ ಕೂಡಿಸಿ, ‘ಪಂಚಾಂಗೀ’ ಎಂಬ ಕಟ್ಟು ಕಟ್ಟಬೇಕೆಂಬುದು ಆತನ ವಿಧಿ. ಆ ಸಂದರ್ಭದಲ್ಲಿ ಹನುವಿನ ಅಸ್ಥಿಯನ್ನು ದ್ವಿವಚನದಲ್ಲಿಯೇ ಹೇಳಲಾಗಿದೆ. ಹನುವನ್ನು ಎಡಬಲದ ಜೋಡಿಯಾಗಿ ಭಾವಿಸುವುದು ಸಂಸ್ಕೃತದ ರೂಢಿಗೂ ಹೊಂದುತ್ತದೆ. ವಾಲ್ಮೀಕಿ ರಾಮಾಯಣದಲ್ಲಿ ಬಾಲಕನಾದ ಆಂಜನೇಯನಿಗೆ ಪೆಟ್ಟಾಗಿ ಮುರಿದುದು ಎಡಗಡೆಯ ಹನು. ಹನುಮಂತನೆಂಬ ಹೆಸರಿನ ನಿಷ್ಪತ್ತಿಯನ್ನು ಆ ಪ್ರಸಂಗದಿಂದಲೇ ಹೇಳಲಾಗಿದೆ. ಆದ್ದರಿಂದ ಸುಶ್ರುತನ ‘ಎರಡು’ ಎಂಬುದು ನೋಟದ ಫಲವೋ ಭಾಷೆಯ ರೂಢಿಯ ಫಲವೋ ಎಂಬ ಪ್ರಶ್ನೆ ಉಳಿಯುತ್ತದೆ.

ಸುಶ್ರುತನು ದೇಹವನ್ನು ನೋಡಿಯೇ ಅರಿಯಬೇಕೆಂದು ಬಯಸಿದವನು ಎಂಬುದರಲ್ಲಿ ಸಂದೇಹವಿಲ್ಲ. ಶವವನ್ನು ಹುಲ್ಲು ಮೊದಲಾದವುಗಳಿಂದ ಸುತ್ತಿ, ಪಂಜರದಲ್ಲಿಟ್ಟು, ಹರಿಯುವ ನೀರಿನ ಮರೆಯಾದ ತಾಣದಲ್ಲಿ ಕೊಳೆಯಿಸಿ, ಏಳು ರಾತ್ರಿಗಳ ಬಳಿಕ ಲಾವಂಚ, ಬಿದಿರು ಮುಂತಾದವುಗಳ ಕುಂಚದಿಂದ ಮೆಲ್ಲಗೆ ಉಜ್ಜುತ್ತ ಪದರಪದರವಾಗಿ ನೋಡಬೇಕೆಂದು ಶಾರೀರಸ್ಥಾನದಲ್ಲಿ ಹೇಳಿದ್ದಾನೆ. ಎರಡು ವರ್ಷ ತುಂಬದ ಮಕ್ಕಳ ಶವವನ್ನು ಸುಡದೆ ಹೂಳುವ ಧರ್ಮಶಾಸ್ತ್ರದ ಪದ್ಧತಿಯನ್ನು ಆಧರಿಸಿ, ಪ್ರಾಚೀನರು ಪರೀಕ್ಷಿಸಿದ್ದು ಶಿಶುಗಳ ದೇಹವನ್ನಿರಬೇಕೆಂದು ಕೆಲವರು ಊಹಿಸಿದ್ದುಂಟು. ಎರಡು ಹನುಗಳಿಗೆ ಈ ಊಹೆ ಸುಲಭವಾದ ಸಮಾಧಾನವನ್ನು ಒದಗಿಸುತ್ತದೆ. ಆದರೆ ಪಠ್ಯವು ಇದನ್ನು ಸಮರ್ಥಿಸುವುದಿಲ್ಲ. ಶವವು ಅಂಗವಿಕಲವಾಗಿರಬಾರದು, ವಿಷದಿಂದಲೋ ದೀರ್ಘವ್ಯಾಧಿಯಿಂದಲೋ ಸತ್ತುದಾಗಿರಬಾರದು, ನೂರು ವರ್ಷದ್ದಾಗಿರಬಾರದು ಎಂಬ ನಿಯಮಗಳು ಅಲ್ಲಿವೆ, ಶಿಶುವಿನ ಪ್ರಸ್ತಾಪವಿಲ್ಲ. ಮೇಲಾಗಿ ಅದೇ ಪಟ್ಟಿಯಲ್ಲಿ 32 ಹಲ್ಲುಗಳಿವೆ. ಅಷ್ಟು ಹಲ್ಲುಗಳಿದ್ದ ದವಡೆ ಶಿಶುವಿನದಾಗಿರಲಾರದು.

ಸೆಲ್ಸಸ್ ಮತ್ತು ಗ್ಯಾಲನ್

ಇದೇ ಬಗೆಯ ದ್ವಂದ್ವ ರೋಮನ್ ಜಗತ್ತಿನಲ್ಲಿಯೂ ಕಂಡುಬರುತ್ತದೆ. ಕ್ರಿ.ಶ. 1ನೆಯ ಶತಮಾನದಲ್ಲಿ ಲ್ಯಾಟಿನ್ ಭಾಷೆಯಲ್ಲಿ ವೈದ್ಯಸಂಗ್ರಹವನ್ನು ರಚಿಸಿದ ಸೆಲ್ಸಸ್ ತನ್ನ ಎಂಟನೆಯ ಪುಸ್ತಕದ ಆರಂಭದಲ್ಲಿ ಕೆಳದವಡೆಯು ಒಂದೇ ಮೂಳೆಯೆಂದು ಹೇಳಿದ್ದಾನೆ. ಮುಂದಿನ ಶತಮಾನದಲ್ಲಿ ಗ್ಯಾಲನ್ ಇದಕ್ಕೆ ವ್ಯತಿರಿಕ್ತವಾಗಿ, ದವಡೆಯನ್ನು ಬೇಯಿಸಿದರೆ ಗದ್ದದ ತುದಿಯಲ್ಲಿ ಅದು ಇಬ್ಭಾಗವಾಗುವುದೆಂಬ ಕಾರಣ ಕೊಟ್ಟು ಎರಡು ಮೂಳೆಗಳೆಂದನು. ಕಾರಣವನ್ನು ಪ್ರಯೋಗದ ರೂಪದಲ್ಲಿ ಕೊಟ್ಟಿರುವುದು ಗಮನಿಸತಕ್ಕದ್ದು. ಗ್ಯಾಲನ್ ನೋಡದೆ ಬರೆದವನಲ್ಲ. ಆದರೆ ಆತ ಕ್ರಮವಾಗಿ ಛೇದಿಸಿದ್ದು ವಾನರ, ಹಂದಿ, ದನ, ನಾಯಿ ಮೊದಲಾದ ಪ್ರಾಣಿಗಳನ್ನು. ಮಾನವ ಅಸ್ಥಿಪಂಜರವನ್ನು ಕಂಡದ್ದು ಆಕಸ್ಮಿಕ ಸಂದರ್ಭಗಳಲ್ಲಿ ಮಾತ್ರ. ನಾಯಿಯಲ್ಲಿಯೂ ದನದಲ್ಲಿಯೂ ದವಡೆಯ ಎರಡು ಭಾಗಗಳು ಪ್ರಾಯದಲ್ಲಿಯೂ ಪೂರ್ಣವಾಗಿ ಬೆಸೆಯುವುದಿಲ್ಲ, ಬೇಯಿಸಿದರೆ ಬೇರ್ಪಡುತ್ತವೆ. ನೋಟ ಸರಿಯಾಗಿದ್ದು, ಅದನ್ನು ಮನುಷ್ಯನಿಗೆ ಅನ್ವಯಿಸಿದ್ದು ತಪ್ಪಾಯಿತು. ಗ್ಯಾಲನ್ನನ ಮಾತೇ ಪ್ರಮಾಣವೆನಿಸಿ ಇಬ್ನ್ ಸೀನಾನ ಮಹಾಗ್ರಂಥದ ಮೂಲಕ ಪಶ್ಚಿಮ ಏಷ್ಯಾದಲ್ಲಿಯೂ ಮುಂದೆ ಯುರೋಪಿನಲ್ಲಿಯೂ ಪಾಠವಾಗಿ ಉಳಿಯಿತು.

ಅಲ್-ಮಕ್ಸಿನ ದಿಬ್ಬ

ಗ್ಯಾಲನ್ನನ ಮಾತನ್ನು ಮಾನವ ದೇಹಗಳ ಮುಂದಿಟ್ಟು ಪರೀಕ್ಷಿಸಿದ ಘಟನೆಯು ಒಂದು ಭೀಕರ ಕ್ಷಾಮದ ನಡುವೆ ನಡೆಯಿತು. 1200 ಮತ್ತು 1201ರಲ್ಲಿ ನೈಲ್ ನದಿಯ ನೆರೆ ಸಾಕಷ್ಟು ಏರದೆ ಈಜಿಪ್ಟಿನಲ್ಲಿ ಅಸಂಖ್ಯ ಜನರು ಹಸಿವಿನಿಂದ ಸತ್ತರು. ಬಾಗ್ದಾದಿನಲ್ಲಿ 1162ರಲ್ಲಿ ಹುಟ್ಟಿ ಆಗ ಕೈರೋದಲ್ಲಿದ್ದ ವೈದ್ಯ ಅಬ್ದ್ ಅಲ್-ಲತೀಫ್ ಅಲ್-ಬಾಗ್ದಾದಿ ಈ ದುರಂತವನ್ನು ಕಣ್ಣಾರೆ ಕಂಡು ದಾಖಲಿಸಿದನು. ಕೈರೋ ಸಮೀಪದ ಅಲ್-ಮಕ್ಸ್ ಎಂಬಲ್ಲಿ ಮಾನವ ಅವಶೇಷಗಳು ದಿಬ್ಬವಾಗಿ ಬಿದ್ದಿವೆಯೆಂದು ತಿಳಿದು ಆತ ಅಲ್ಲಿಗೆ ಹೋದನು. ಮೂಳೆಗಳನ್ನೂ ಕೀಲುಗಳನ್ನೂ ಪರಿಶೀಲಿಸಿದಾಗ ಗ್ರಂಥಗಳಿಂದ ದೊರೆಯದ ತಿಳಿವಳಿಕೆ ಆತನಿಗೆ ದೊರೆಯಿತು. ಎರಡು ಸಾವಿರಕ್ಕಿಂತ ಹೆಚ್ಚು ತಲೆಬುರುಡೆಗಳನ್ನು ನೋಡಿಯೂ ಕೆಳದವಡೆಯಲ್ಲಿ ಕೀಲಾಗಲಿ ಹೊಲಿಗೆಯಾಗಲಿ ಕಾಣಲಿಲ್ಲವೆಂದೂ ಅದು ಒಂದೇ ಮೂಳೆಯೆಂದೂ ಆತ ಬರೆದಿದ್ದಾನೆ. ತನ್ನ ಕಣ್ಣಿನ ಮೇಲಷ್ಟೇ ಭರವಸೆಯಿಡದೆ ಇತರರಿಂದಲೂ, ತನ್ನ ಎದುರಿನಲ್ಲಿಯೂ ತಾನಿಲ್ಲದಾಗಲೂ, ಪರೀಕ್ಷೆ ಮಾಡಿಸಿದುದು ಆತನ ಹೆಗ್ಗಳಿಕೆ. ಗ್ಯಾಲನ್ನನ ಬಗೆಗೆ ಅತೀವ ಗೌರವವಿದ್ದರೂ ಇಂದ್ರಿಯಗಳ ಸಾಕ್ಷ್ಯ ಅದಕ್ಕಿಂತ ಹೆಚ್ಚಿನದೆಂಬುದು ಆತನ ನಿಲುವು.

ಇಷ್ಟಾದರೂ ಪಾಠಗ್ರಂಥಗಳಲ್ಲಿ ಎರಡು ಮೂಳೆಗಳೇ ಮುಂದುವರಿದವು. ಆತ ತನ್ನ ಶೋಧವನ್ನು ಬರೆದದ್ದು ಈಜಿಪ್ಟಿನ ವರ್ಣನೆಯ ಪುಸ್ತಕದಲ್ಲಿಯೇ ಹೊರತು ಶರೀರಶಾಸ್ತ್ರದ ಪಠ್ಯದಲ್ಲಲ್ಲ ಎಂಬುದು ಇದಕ್ಕೆ ಒಂದು ಕಾರಣವಾಗಿರಬಹುದು. ಜೋಸೆಫ್ ವೈಟ್ 1800ರಲ್ಲಿ ಲ್ಯಾಟಿನ್ ಅನುವಾದದೊಡನೆಯೂ ಸಿಲ್ವೆಸ್ತ್ರ್ ದ ಸಾಸಿ 1810ರಲ್ಲಿ ಫ್ರೆಂಚ್ ಭಾಷೆಯಲ್ಲಿಯೂ ಅದನ್ನು ಪ್ರಕಟಿಸುವ ಹೊತ್ತಿಗೆ ವಿವಾದ ಮುಗಿದು ಎರಡೂವರೆ ಶತಮಾನ ಕಳೆದಿತ್ತು.

ವೆಸಾಲಿಯಸ್

ವಿವಾದವನ್ನು ಮುಗಿಸಿದವನು ಪಾದುವಾದ ಪ್ರಾಧ್ಯಾಪಕ ಆಂಡ್ರಿಯಾಸ್ ವೆಸಾಲಿಯಸ್ (1514–1564). ಪ್ಯಾರಿಸ್ಸಿನ ವಿದ್ಯಾರ್ಥಿದೆಸೆಯಲ್ಲಿ ಸ್ಮಶಾನದ ಮೂಳೆರಾಶಿಗಳ ನಡುವೆ, ಕಣ್ಣು ಕಟ್ಟಿಕೊಂಡು ಸ್ಪರ್ಶಮಾತ್ರದಿಂದ ಮೂಳೆಗಳನ್ನು ಗುರುತಿಸುವಷ್ಟು ಪರಿಣತಿಯನ್ನು ಆತ ಗಳಿಸಿದ್ದನು. 1540ರಲ್ಲಿ ಬೊಲೋನ್ಯಾದಲ್ಲಿ ಮನುಷ್ಯ ಮತ್ತು ಕೋತಿಗಳ ಅಸ್ಥಿಪಂಜರಗಳನ್ನು ಎದುರುಬದುರಾಗಿಟ್ಟು, ಗ್ಯಾಲನ್ ವರ್ಣಿಸಿದ್ದು ಎಷ್ಟೋ ಕಡೆ ಕೋತಿಯನ್ನೆಂದು ತೋರಿಸಿದನು. ಬಾಸೆಲ್‌ನಲ್ಲಿ ಒಪೊರಿನಸ್‌ನ ಮುದ್ರಣಾಲಯದಿಂದ 1543ರಲ್ಲಿ ಹೊರಬಂದ ಮಾನವಶರೀರ ರಚನೆಯ ಬೃಹದ್‌ಗ್ರಂಥದ ಮೊದಲ ಪುಸ್ತಕದಲ್ಲಿ ಮಾನವನ ಕೆಳದವಡೆ ಒಂದೇ ಮೂಳೆಯೆಂದು ಪ್ರತಿಪಾದಿಸಿದನು. ಅದೇ ಪುಸ್ತಕದ ಚಿತ್ರವೊಂದರಲ್ಲಿ ಮಾನವನ ತಲೆಬುರುಡೆಯು ನಾಯಿಯ ತಲೆಬುರುಡೆಯ ಮೇಲೆ ಒರಗಿದೆ. ಮೇಲ್ದವಡೆಯ ಯಾವ ಹೊಲಿಗೆಯನ್ನು ಗ್ಯಾಲನ್ ಮನುಷ್ಯನದೆಂದು ವರ್ಣಿಸಿದನೋ ಅದು ನಾಯಿಯದೆಂದು ಸೂಚಿಸುವುದು ಆ ಚಿತ್ರದ ಉದ್ದೇಶ.

ಗುರುವಾಗಿದ್ದ ಸಿಲ್ವಿಯಸ್ ಇದನ್ನು ಸಹಿಸಲಿಲ್ಲ. 1551ರಲ್ಲಿ ಉಗ್ರವಾದ ಖಂಡನೆಯನ್ನು ಪ್ರಕಟಿಸಿದ ಆತ, ಗ್ಯಾಲನ್ ತಪ್ಪಿಲ್ಲ, ಆತನ ಕಾಲದಿಂದೀಚೆಗೆ ಮಾನವ ಶರೀರವೇ ಬದಲಾಗಿದೆ ಎಂದು ವಾದಿಸುವವರೆಗೂ ಹೋದನು. ಗ್ರಂಥವನ್ನು ಉಳಿಸಲು ದೇಹವನ್ನೇ ಬದಲಾಯಿಸುವ ಇಂತಹ ತರ್ಕವು ಒಂದು ದೇಶಕ್ಕೋ ಕಾಲಕ್ಕೋ ಸೀಮಿತವಾದುದಲ್ಲ.

ಭ್ರೂಣ ಮತ್ತು ಪಳೆಯುಳಿಕೆಗಳ ಸಾಕ್ಷ್ಯ

ವೆಸಾಲಿಯಸ್ಸನ ಗೆಲುವೂ ಕೊನೆಯ ಮಾತಾಗಲಿಲ್ಲ. ಮನುಷ್ಯನಲ್ಲಿ ಇಲ್ಲವೆಂದು ನಿರಾಕರಿಸಲಾಗಿದ್ದ ಮೇಲ್ದವಡೆಯ ನಡುಮೂಳೆಯ ಗುರುತುಗಳನ್ನು 18ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ವಿಕ್ ದಜೀರ್ ಕಂಡನು. 1784ರಲ್ಲಿ ಜರ್ಮನಿಯ ಯೇನಾದಲ್ಲಿ ಕವಿ ಗಯಟೆಯೂ ಸ್ವತಂತ್ರವಾಗಿ ಅದನ್ನೇ ಗುರುತಿಸಿದನು. ಬೆಸೆದುಹೋದ ಮೂಳೆಯು ಇಲ್ಲದ ಮೂಳೆಯಲ್ಲ ಎಂಬ ಅರಿವು ಹೀಗೆ ಮೂಡಿತು.

ಕೆಳದವಡೆಯ ವಿಷಯದಲ್ಲಿ ಇನ್ನೂ ಆಶ್ಚರ್ಯಕರವಾದ ಸಂಗತಿ ಹೊರಬಿತ್ತು. ಭ್ರೂಣದ ದವಡೆಯಲ್ಲಿ ಮೊದಲು ಕಾಣಿಸಿಕೊಳ್ಳುವ ಮೃದ್ವಸ್ಥಿಯ ಸಲಾಕೆಯನ್ನು ಯೋಹಾನ್ ಫ್ರೀಡ್ರಿಷ್ ಮೆಕೆಲ್ 1820ರಲ್ಲಿ ವರ್ಣಿಸಿದನು. ಈ ಸಲಾಕೆಯ ಹಿಂತುದಿಯಿಂದಲೇ ಕಿವಿಯ ಸುತ್ತಿಗೆ ಎಂಬ ಕಿರುಮೂಳೆ ರೂಪುಗೊಳ್ಳುವುದೆಂದೂ, ಸುತ್ತಿಗೆ ಮತ್ತು ಅಡಿಗಲ್ಲು ಎಂಬ ಎರಡು ಕಿರುಮೂಳೆಗಳು ಸರೀಸೃಪಗಳ ದವಡೆಯ ಕೀಲಿನ ಎರಡು ಮೂಳೆಗಳಿಗೆ ಸಮಾನವೆಂದೂ ರೈಕರ್ಟ್ 1837ರಲ್ಲಿ ತೋರಿಸಿದನು. ಗೌಪ್ 1913ರಲ್ಲಿ ಈ ವಾದವನ್ನು ವಿಸ್ತಾರವಾಗಿ ಸ್ಥಿರಪಡಿಸಿದನು. ಸರೀಸೃಪಗಳ ಕೆಳದವಡೆಯಲ್ಲಿ ಪ್ರತಿ ಪಾರ್ಶ್ವಕ್ಕೂ ಹಲವು ಮೂಳೆಗಳಿವೆ. ಸ್ತನಿಗಳ ವಂಶದಲ್ಲಿ ಹಲ್ಲು ಹೊತ್ತ ಮೂಳೆ ಬೆಳೆದು ಶಂಖಾಸ್ಥಿಯೊಡನೆ ಹೊಸ ಕೀಲನ್ನು ಮಾಡಿಕೊಂಡಿತು. ಹಳೆಯ ಕೀಲಿನ ಮೂಳೆಗಳು ಕ್ರಮೇಣ ಕಿವಿಯೊಳಗೆ ಸೇರಿ ಶಬ್ದವನ್ನು ಒಯ್ಯುವ ಕೆಲಸಕ್ಕೆ ನಿಂತವು. ಹೊಸ ಮತ್ತು ಹಳೆಯ ಕೀಲುಗಳೆರಡೂ ಒಟ್ಟಿಗಿದ್ದ ಜೀವಿಗಳ ಪಳೆಯುಳಿಕೆಗಳು ಮುಂದೆ ದೊರೆತವು. ವೇಲ್ಸ್ ಪ್ರಾಂತ್ಯದ ಅವಶೇಷಗಳಿಂದ 1949ರಲ್ಲಿ ಹೆಸರು ಪಡೆದ ಮಾರ್ಗನುಕೊಡಾನ್, ದಕ್ಷಿಣ ಆಫ್ರಿಕಾದಿಂದ 1958ರಲ್ಲಿ ವರ್ಣಿತವಾದ ಡಯಾರ್ಥ್ರೊಗ್ನಾಥಸ್ ಇವುಗಳಲ್ಲಿ ಪ್ರಮುಖವಾದವು. ಎರಡನೆಯದರ ಹೆಸರಿಗೇ ಎರಡು ಕೀಲಿನ ದವಡೆಯೆಂದು ಅರ್ಥ. ಈ ದೃಷ್ಟಿಯಿಂದ ನಮ್ಮ ಕೆಳದವಡೆಯು ಹಲ್ಲು ಹೊತ್ತ ಎರಡು ಮೂಳೆಗಳು ಬೆಸೆದು ಆದ ಒಂದು ಮೂಳೆ.

ಹರ್ನ್ಲೆ ಮತ್ತು ಮಧುಸೂದನ ಗುಪ್ತ

ಭಾರತೀಯ ಅಸ್ಥಿಗಣನೆಯನ್ನು ಆಧುನಿಕ ಶಾಸ್ತ್ರದೊಡನೆ ಸಾಲುಸಾಲಾಗಿ ಹೋಲಿಸಿದ ಮೊದಲ ವಿಸ್ತೃತ ಪ್ರಯತ್ನ ರುಡಾಲ್ಫ್ ಹರ್ನ್ಲೆಯದು. 1907ರಲ್ಲಿ ಆಕ್ಸ್‌ಫರ್ಡ್‌ನಿಂದ ಪ್ರಕಟವಾದ ಗ್ರಂಥದಲ್ಲಿ ಆತ ಪ್ರಾಚೀನ ಭಾರತೀಯರ ಅಸ್ಥಿಜ್ಞಾನದ ವ್ಯಾಪ್ತಿಯನ್ನೂ ನಿಖರತೆಯನ್ನೂ ಮುಕ್ತವಾಗಿ ಪ್ರಶಂಸಿಸಿದನು. ಆದರೆ ಪರಂಪರೆಯಿಂದ ಬಂದ ಪಟ್ಟಿಗಳು ಕೆಟ್ಟಿವೆಯೆಂದು ಭಾವಿಸಿ ಅವುಗಳ ಮೂಲರೂಪವನ್ನು ಪುನಾರಚಿಸಲು ಹೊರಟನು. ಅಲ್ಲಿ ಒಂದು ಅಪಾಯವಿದೆ. ಆಧುನಿಕ ಸಂಖ್ಯೆಗೆ ಹತ್ತಿರವಾದ ಪಾಠವೇ ಮೂಲಪಾಠವೆಂದು ಭಾವಿಸಿದರೆ, ಪ್ರಾಚೀನ ಲೇಖಕನು ಬೇರೊಂದು ನಿಯಮದಿಂದ ಎಣಿಸಿದ್ದಿರಬಹುದೆಂಬ ಸಾಧ್ಯತೆಯೇ ಅಳಿಸಿಹೋಗುತ್ತದೆ. ಚರಕನ ಒಂದನ್ನೂ ಸುಶ್ರುತನ ಎರಡನ್ನೂ ಒಂದಕ್ಕೊಂದು ಹೊಂದಿಸುವ ಅಗತ್ಯವಿಲ್ಲ. ಅವು ಎರಡು ನಿಯಮಗಳ ಎರಡು ಫಲಿತಾಂಶಗಳು.

ಹರ್ನ್ಲೆಗಿಂತ ಏಳು ದಶಕಗಳ ಹಿಂದೆ ಕಲ್ಕತ್ತೆಯಲ್ಲಿ ಪಂಡಿತ ಮಧುಸೂದನ ಗುಪ್ತರು ತೋರಿದ ಮಾದರಿ ಇಲ್ಲಿ ಸ್ಮರಣೀಯ. 1835–36ರಲ್ಲಿ ಸುಶ್ರುತಸಂಹಿತೆಯನ್ನು ಮೊದಲಬಾರಿಗೆ ಸಂಪಾದಿಸಿ ಮುದ್ರಣಕ್ಕೆ ತಂದವರು ಅವರೇ. 1836ರಲ್ಲಿ ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಸಾಮಾಜಿಕ ನಿಷೇಧವನ್ನು ಮೀರಿ ಶವಚ್ಛೇದನ ಮಾಡಿದವರೂ ಅವರೇ. ಪಠ್ಯವನ್ನು ಉಳಿಸುವ ಕೆಲಸವೂ ದೇಹವನ್ನು ನೋಡುವ ಕೆಲಸವೂ ಒಬ್ಬರ ಕೈಯಲ್ಲಿಯೇ ಒಟ್ಟಿಗೆ ನಡೆಯಬಲ್ಲವೆಂಬುದಕ್ಕೆ ಇದಕ್ಕಿಂತ ಉತ್ತಮ ನಿದರ್ಶನ ವಿರಳ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಕೆಳದವಡೆ ಒಂದೆಂದವರು ಮತ್ತು ಎರಡೆಂದವರು ಇಬ್ಬರೂ ಪ್ರಾಚೀನರಲ್ಲಿದ್ದರು. ಈ ಭೇದವನ್ನು ಪೂರ್ವ-ಪಶ್ಚಿಮಗಳ ಭೇದವೆಂದು ತಿಳಿಯುವುದು ಸಾಧುವಲ್ಲ. ಗ್ಯಾಲನ್ನನ ಎರಡು ಪ್ರಾಣಿಗಳ ದೇಹದಿಂದ ಬಂದುದು. ಚರಕನ ಒಂದು, ಗಟ್ಟಿಯಾದ ಭಾಗಗಳನ್ನೆಲ್ಲ ಎಣಿಸುವ ವಿಶಾಲ ನಿಯಮದ ಒಳಗಿನದು. ಅಲ್-ಬಾಗ್ದಾದಿಯ ಒಂದು ಎರಡು ಸಾವಿರ ತಲೆಬುರುಡೆಗಳ ಸಾಕ್ಷ್ಯ. ಸುಶ್ರುತನ ಎರಡಕ್ಕೆ ಶಿಶುದೇಹವು ಕಾರಣವೆಂಬ ಊಹೆಯನ್ನು 32 ಹಲ್ಲುಗಳು ತಡೆಯುತ್ತವೆ. ಭಾಷೆಯ ರೂಢಿಯೇ ಹೆಚ್ಚು ಸಂಭಾವ್ಯ ಕಾರಣವಾಗಿ ತೋರುತ್ತದೆ.

ನಮ್ಮ ಪ್ರಾಚೀನ ವೈದ್ಯಗ್ರಂಥಗಳ ಸಂಖ್ಯೆಗಳನ್ನು ಇಂದಿನ ಸಂಖ್ಯೆಗಳೊಡನೆ ಹೋಲಿಸಿ ಹೆಮ್ಮೆಪಡುವುದಾಗಲಿ ಹೀಗಳೆಯುವುದಾಗಲಿ ಸಂಶೋಧನೆ ಎನಿಸದು. ಪ್ರತಿಯೊಂದು ಪಟ್ಟಿಯಲ್ಲಿ ಏನನ್ನು ಸೇರಿಸಲಾಗಿದೆ, ಏನನ್ನು ಬಿಡಲಾಗಿದೆ, ಎಣಿಕೆಯ ಆಧಾರ ಯಾವುದು ಎಂಬುದನ್ನು ಅಂಗಾಂಗವಾರು ಪರಿಶೀಲಿಸುವ ಕೆಲಸ ಆಗಬೇಕಾಗಿದೆ. ಸಂಸ್ಕೃತ ಮತ್ತು ಶರೀರಶಾಸ್ತ್ರಗಳೆರಡನ್ನೂ ಬಲ್ಲ ತರುಣ ವಿದ್ವಾಂಸರು ಈ ದಿಸೆಯಲ್ಲಿ ತೊಡಗಿದರೆ ಕೆಳದವಡೆಯಂತೆಯೇ ಉಳಿದ ಮೂಳೆಗಳೂ ತಮ್ಮ ಇತಿಹಾಸವನ್ನು ತಿಳಿಸಬಲ್ಲವು.